ಒಂಟಿಕಾಲಿನ ರಸಿಕರು

ಕೊಕ್ಕರೆಗಳ ಕಲಾಚಿತ್ರ ಸಂಘದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಸಿನಿಮಾ ಮುಗಿಯುವವರೆಗೂ ಒಂಟಿಕಾಲಲ್ಲೇ ನಿಂತು ನೋಡಬೇಕು. ಎರಡನೇ ಕಾಲು ನೆಲಕ್ಕೂರಿದವರು ರಸಿಕರೇ ಅಲ್ಲ. ಈ ಕೊಕ್ಕರೆಗಳು ಮೆಚ್ಚುವ ಸಿನಿಮಾಗಳನ್ನು ಗೇಲಿ ಮಾಡಲೆಂದೇ ಕೆಂಚ ಎಂಬ ಕೋತಿ ಒಂದು ಕಿರುಚಿತ್ರ ತೆಗೆದು, ಇವರನ್ನು ನಗಿಸದೆ ಮನೆಗೆ ಹೋಗುವುದಿಲ್ಲ ಎಂದು ಹಟ ತೊಟ್ಟು ಸಂಘದ ಡೇರೆಗೆ ಬಂತು.

ತೆರೆಯ ಮೇಲೆ ಒಂದು ಎಮ್ಮೆ ಹತ್ತು ನಿಮಿಷ ಮೆಲುಕು ಹಾಕಿತು. "ನಾನು ಯಾರು?" ಎಂದು ಗಂಭೀರವಾಗಿ ಕೇಳಿತು. ಆಮೇಲೆ ಡರ್ರನೆ ತೇಗಿತು.

ಯಾರೂ ನಗಲಿಲ್ಲ. ಪ್ರತಿ ಕೊಕ್ಕರೆಯೂ ಪಕ್ಕದ ಕೊಕ್ಕರೆಯ ಮುಖ ನೋಡಿ ಕೊಕ್ಕು ಬಿಗಿಹಿಡಿಯಿತು.

"ಇದು ತಮಾಷೆ ಸ್ವಾಮಿ, ನಗಿ!" ಎಂದಿತು ಕೆಂಚ.

"ಸುಮ್ಮನಿರಿ. ಆ ತೇಗಿನಲ್ಲಿ ಇಡೀ ಯುಗದ ಶೂನ್ಯವಿದೆ. ಈ ವರ್ಷದ ಉತ್ತಮ ಚಿತ್ರದ ಹಾರ ನಿಮಗೇ," ಎಂದರು ಅಧ್ಯಕ್ಷ ಕೊಕ್ಕರೆ ಬಿಳಿಗಿರಿರಾಯರು.

ಹಾರ ಕಂಡು ಕೆಂಚನ ಕೈ ಒಂದು ಕ್ಷಣ ಮುಂದೆ ಹೋಯಿತು. ಅಷ್ಟರಲ್ಲಿ ರಾಯರ ಒಂಟಿಕಾಲು ಗಡಗಡ ನಡುಗುವುದು ಅದರ ಕಣ್ಣಿಗೆ ಬಿತ್ತು.

"ಹಾರ ಆಮೇಲೆ. ಇನ್ನೊಂದು ಸಲ ನೋಡೋಣ," ಎಂದು ಸಿನಿಮಾ ಮತ್ತೆ ಹಾಕಿತು. ತೇಗು ಬರುವ ಹೊತ್ತಿಗೆ ಸರಿಯಾಗಿ ಪ್ರೊಜೆಕ್ಟರಿಗೆ ಅಂಗೈ ಅಡ್ಡ ಹಿಡಿಯಿತು.

ಡೇರೆಯೆಲ್ಲ ಕಗ್ಗತ್ತಲಾಯಿತು. ಎಮ್ಮೆ ತೇಗಿತು. ಯಾರ ಮುಖವೂ ಯಾರಿಗೂ ಕಾಣದ ಆ ಕತ್ತಲಲ್ಲಿ ನಗು ಕಟ್ಟೆಯೊಡೆದು ಹರಿಯಿತು.

ಕೆಂಚ ಅಂಗೈ ತೆಗೆದಾಗ ಎಲ್ಲರ ಮುಖವೂ ಮೊದಲಿನಷ್ಟೇ ಬಿಗಿಯಾಗಿತ್ತು.

"ಯಾರದು ನಕ್ಕಿದ್ದು?" ಎಂದು ರಾಯರು ಗದರಿದರು.

ರಾಯರ ಎರಡೂ ಕಾಲು ನೆಲದ ಮೇಲಿದ್ದವು. ಅದನ್ನು ಕೆಂಚ ಕಣ್ತುಂಬ ನೋಡಿಕೊಂಡು, ಹಾರವನ್ನು ಅಲ್ಲೇ ಬಿಟ್ಟು ಮನೆಗೆ ಹೊರಟಿತು.