ಅಕ್ಕಿಕಾಳಿನಷ್ಟು ಅಂತರ

ಅಕ್ಕಸಾಲಿ ಮೌನೇಶಾಚಾರಿ ನಲವತ್ತು ವರ್ಷ ತಲೆ ಬಗ್ಗಿಸಿ ಕೆಲಸ ಮಾಡಿದ್ದಕ್ಕೆ, ಅವನ ಕತ್ತಿನ ಐದನೆಯ ಮೂಳೆಗೂ ಆರನೆಯದಕ್ಕೂ ನಡುವೆ ಇದ್ದ ಮೆತ್ತನೆಯ ಬಿಲ್ಲೆ ಸವೆದುಹೋಯಿತು. ಐದನೆಯ ಮೂಳೆ ಹಿಗ್ಗಿತು.

"ತಮ್ಮಾ, ನಡುವಿನ ಅಡ್ಡಿ ತೊಲಗಿತು. ಇನ್ನು ನಾವಿಬ್ಬರೂ ಒಂದೇ!" ಎಂದು ಆರನೆಯದನ್ನು ತಬ್ಬಿ ಕುಳಿತುಬಿಟ್ಟಿತು.

ಅಂದಿನಿಂದ ಆಚಾರಿಯ ಬೆರಳುಗಳಿಗೆ ಜೋಮು ಹಿಡಿದು, ಚಿಮ್ಮಟ ಕೈಜಾರತೊಡಗಿತು.

ವೈದ್ಯರು ಕತ್ತು ಕೊಯ್ದು, ಮೂಳೆಗಳನ್ನು ಬಿಡಿಸಿ, ಅಳತೆ ನೋಡಿ, ನಡುವೆ ಲೋಹದ ಹೊಸ ಬಿಲ್ಲೆಯೊಂದನ್ನು ಕೂರಿಸಿದರು. ಐದನೆಯ ಮೂಳೆ ಕೆರಳಿತು.

"ಒಡಹುಟ್ಟಿದವರನ್ನು ಅಗಲಿಸಲು ನೀನ್ಯಾರು, ಎಲ್ಲಿಂದಲೋ ಬಂದವನು?"

"ಅಗಲಿಸಲು ಬಂದವನಲ್ಲ ಅಣ್ಣಾ," ಎಂದಿತು ಲೋಹದ ಬಿಲ್ಲೆ. "ಒಂದು ಅಕ್ಕಿಕಾಳಿನಷ್ಟು ಜಾಗ ಕಾಯಲು ಬಂದೆ. ಯಾರಿಗಾಗಿ ಎಂದು ನಿಮ್ಮಿಬ್ಬರ ನಡುವಿನಿಂದ ಬೆರಳಿಗೆ ಹಾಯುವ ನರವನ್ನು ಕೇಳು."

"ಅವನನ್ನೇನು ಕೇಳುವುದು? ನಾವು ತಬ್ಬಿ ಕುಳಿತಷ್ಟು ದಿನ ಒಂದು ಮಾತೂ ಆಡಲಿಲ್ಲ. ಅವನಿಗೂ ಒಪ್ಪಿಗೆಯೇ ಇತ್ತು!"

ಅಷ್ಟರಲ್ಲಿ ಆಚಾರಿಯ ಬೆರಳ ತುದಿ ಚುರುಗುಟ್ಟಿತು. ನರ ಎಚ್ಚೆತ್ತಿತ್ತು.

"ಮಾತಾಡುವುದು ಹೇಗಣ್ಣಾ?" ಎಂದಿತು ಅದು. "ನೀವು ತಬ್ಬಿಕೊಂಡಾಗ ನಡುವೆ ಸಿಕ್ಕಿದ್ದು ನನ್ನ ಗಂಟಲು."