ಸೀಗೆಹಳ್ಳಕ್ಕೆ ನೆಟ್ ಬಂದ ಕಥೆ

ಅವರೆಗುಡ್ಡ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಚೆಲುವರಾಯ ಅನ್ನೋ ರಾಜ ಇದ್ದ. ಒಳ್ಳೆಯವನು, ಆದರೆ ಯಾರು ಏನು ಹೇಳಿದರೂ ನಂಬುತ್ತಿದ್ದ. ಅವನ ಅರಮನೆಯಲ್ಲಿ ನೆಟ್ ಇತ್ತು. ರಾಜರ ಕಾಲದಲ್ಲಿ ನೆಟ್ ಎಲ್ಲಿಂದ ಬಂತು ಅಂತ ನೀವು ಕೇಳುತ್ತೀರಿ, ಗೊತ್ತು. ಕಾಗೆ ಮಾತಾಡಿದರೆ ಕೇಳೋದಿಲ್ಲ, ನರಿ ನ್ಯಾಯ ಹೇಳಿದರೆ ಕೇಳೋದಿಲ್ಲ, ನೆಟ್ ಅಂದ ಕೂಡಲೇ ನಿಮಗೆ ಬುದ್ಧಿ ಬಂದುಬಿಡುತ್ತೆ. ಸುಮ್ಮನೆ ಕಥೆ ಕೇಳಿ.

ಆ ನೆಟ್‌ನಲ್ಲಿ ರಾಣಿ ತವರಿನವರ ಮುಖ ನೋಡುತ್ತಿದ್ದಳು. ರಾಜಕುಮಾರ ದೂರದ ಗುರುಗಳಿಂದ ಪಾಠ ಹೇಳಿಸಿಕೊಳ್ಳುತ್ತಿದ್ದ. ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ಬೆಟ್ಟದಾಚೆಯ ಪಂಡಿತರು ಅಲ್ಲಿಂದಲೇ ನೋಡಿ ಮದ್ದು ಹೇಳುತ್ತಿದ್ದರು. ಒಂದು ದಿನ ರಾಜನಿಗೆ ಅನ್ನಿಸಿತು, ಇದು ನಮಗಷ್ಟೇ ಯಾಕೆ, ನನ್ನ ಜನರಿಗೂ ಇರಲಿ ಅಂತ. ಡಂಗುರ ಹೊಡೆಸಿದ. ಮನೆಗೊಂದು ಕೊಳಗ ರಾಗಿ ಕೊಡಿ, ಮಿಕ್ಕಿದ್ದನ್ನು ಬೊಕ್ಕಸದಿಂದ ನಾನು ಹಾಕುತ್ತೇನೆ, ಮನೆ ಮನೆಗೂ ಕೇಬಲ್ ಎಳೆಸುತ್ತೇನೆ ಅಂದ.

ರಾಜ್ಯದ ಅಂಚಿನಲ್ಲಿ ಸೀಗೆಹಳ್ಳ ಅನ್ನೋ ಊರು. ಅಲ್ಲಿ ದ್ಯಾವಕ್ಕ ಅನ್ನೋ ಮುದುಕಿ. ಅವಳ ಸೊಸೆ ಚಿಕ್ಕೀರಿಗೆ ಹಿಂದಿನ ವರ್ಷ ಹೆರಿಗೆ ಕಷ್ಟವಾಗಿತ್ತು. ಗಂಡ ಬೆಟ್ಟ ಹತ್ತಿ ಇಳಿದು ಪಂಡಿತರನ್ನು ಕರೆತರೋ ಹೊತ್ತಿಗೆ ಕೂಸು ಹೋಗಿಬಿಟ್ಟಿತ್ತು. ಈಗ ಚಿಕ್ಕೀರಿ ಮತ್ತೆ ಬಸುರಿ. ಈ ಕೂಸಾದರೂ ಉಳಿಯಲಿ ಅಂತ ದ್ಯಾವಕ್ಕ ಎಲ್ಲರಿಗಿಂತ ಮೊದಲು ಹೋಗಿ ರಾಗಿ ಕೊಟ್ಟಳು. ಕೊಳಗದ ಮೇಲೆ ಗೋಪುರ ಬರೋ ಹಾಗೆ ತುಂಬಿ ಕೊಟ್ಟಳು, ಪಾಪ.

ಕೆಲಸ ನೋಡಿಕೊಳ್ಳೋಕೆ ರಾಜ ಕಾರುಬಾರಿ ಪುಟ್ಟಸಾಮಯ್ಯನನ್ನು ನೇಮಿಸಿದ. ಪುಟ್ಟಸಾಮಯ್ಯ ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ಪೈಕಿ ಅಲ್ಲ. ಮೊದಲನೇ ಊರಲ್ಲಿ ಗೌಡನ ಮನೆಗೆ ಕೇಬಲ್ ಎಳೆದ, ನಿಲ್ಲಿಸಿದ. ಎರಡನೇ ಊರಲ್ಲಿ ಶಾನುಭೋಗನ ಮನೆಗೆ ಎಳೆದ, ನಿಲ್ಲಿಸಿದ. ಹೀಗೇ ಊರೂರು ಸುತ್ತಿ ಕೊನೆಗೆ ಸೀಗೆಹಳ್ಳದಲ್ಲಿ ಪಟೇಲನ ಮನೆಗೆ ಎಳೆದ, ನಿಲ್ಲಿಸಿದ. ಊರಲ್ಲಿ ಒಂದು ಮನೆ ಮುಟ್ಟಿದರೆ ಊರೇ ಮುಟ್ಟಿದ ಹಾಗೆ ಅಂತ ತಾನೇ ಒಂದು ಕಟ್ಟಳೆ ಮಾಡಿಕೊಂಡು, ಎಲ್ಲ ಊರಿಗೂ ನೆಟ್ ಮುಟ್ಟಿತು ಅಂತ ರಾಜನಿಗೆ ಹೇಳಿದ. ಉಳಿದ ರಾಗಿಯೆಲ್ಲ ಅವನ ಕಣಜಕ್ಕೆ ಇಳಿಯಿತು. ಸೀಗೆಹಳ್ಳದ ಪಟೇಲನೋ, ಕದ ಹಾಕಿಕೊಂಡು ದಿನವಿಡೀ ನೆಟ್‌ನಲ್ಲಿ ಕೋಳಿ ಕಾಳಗ ನೋಡುತ್ತಾ ಕೂತ. ಯಾರು ಬಾಗಿಲು ಬಡಿದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ದ್ಯಾವಕ್ಕ ರಾಜಧಾನಿಗೆ ನಡೆದಳು. ಮೊದಲನೇ ಸಲ ಗುಮಾಸ್ತ ಸಿಕ್ಕಿದ. ನಿಮ್ಮೂರಿಗೆ ನೆಟ್ ಬಂದಿದೆಯಲ್ಲಮ್ಮ, ಇನ್ನೇನು ಅಂತ ಅವಳನ್ನು ವಾಪಸ್ ಕಳಿಸಿದ. ಎರಡನೇ ಸಲ ಕಾರುಬಾರಿಯೇ ಸಿಕ್ಕಿದ. ನಮ್ಮ ಮನೆಗೆ ಬಂದಿಲ್ಲ ಬುದ್ಧಿ ಅಂತ ಅವಳು ಕೈ ಮುಗಿದರೆ, "ನಿನ್ನ ಮನೆ ಊರೊಳಗೇ ಐತಲ್ಲ? ಊರಿಗೆ ಬಂದ ಮೇಲೆ ನಿಂಗೂ ಬಂದಂಗೇ" ಅಂದ. ಮೂರನೇ ಸಲ ಅರಮನೆಯ ಬಾಗಿಲಿಗೇ ಹೋದಳು. ಸೀಗೆಹಳ್ಳದ ಮುದುಕಿ ಬಂದಿದ್ದಾಳೆ, ನೆಟ್ ವಿಷಯವಂತೆ ಅಂತ ಕಾವಲಿನವನು ಒಳಗೆ ಹೋಗಿ ಹೇಳಿದ. ನೆಟ್ ಬಂದ ಸಂತೋಷ ಹೇಳೋಕೆ ಬಂದಿದ್ದಾಳೆ ಅಂದುಕೊಂಡು ರಾಜ ಅವಳಿಗೆ ಒಂದು ಹಿಡಿ ಸಕ್ಕರೆ ಕಳಿಸಿದ. ಆ ಸಕ್ಕರೆಯನ್ನು ಸೆರಗಿಗೆ ಕಟ್ಟಿಕೊಂಡು ದಾರಿಯುದ್ದಕ್ಕೂ ಅತ್ತುಕೊಂಡು ಬಂದಳು ದ್ಯಾವಕ್ಕ. ನೆನೆಸಿಕೊಂಡರೆ ನನಗೇ ಸಂಕಟವಾಗುತ್ತೆ.

ಚಿಕ್ಕೀರಿಗೆ ದಿನ ತುಂಬುತ್ತಾ ಬಂತು. ಅಷ್ಟರಲ್ಲಿ ಇನ್ನೊಂದು ಡಂಗುರ. ರಾಜ್ಯಕ್ಕೆಲ್ಲ ನೆಟ್ ಮುಟ್ಟಿತು, ಆ ಖುಷಿಗೆ ಕೊನೆಯ ಊರು ಸೀಗೆಹಳ್ಳದಲ್ಲಿ ರಾಜರು ಜನರ ಜೊತೆ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಾರೆ ಅಂತ. ಅಡುಗೆಗೆ ಮತ್ತೆ ಮನೆ ಮನೆಯಿಂದ ಅಕ್ಕಿ, ಬೇಳೆ, ಬೆಲ್ಲ ಎತ್ತಿದರು. ಬಡಿಸೋ ಜವಾಬ್ದಾರಿ ಹಿರಿಯಳು ಅಂತ ದ್ಯಾವಕ್ಕನಿಗೆ ಬಂತು. ನಾನು ಹೇಳೋವರೆಗೂ ಯಾರೂ ಸೌಟು ಮುಟ್ಟಬೇಡಿ ಅಂತ ಅವಳು ಉಳಿದ ಹೆಂಗಸರಿಗೆ ಹೇಳಿಟ್ಟಳು.

ಎಲೆ ಹಾಸಿದರು. ಮೊದಲ ಎಲೆಗೆ ರಾಜ, ಅವನ ಪಕ್ಕ ಪುಟ್ಟಸಾಮಯ್ಯ, ಆಮೇಲೆ ಪಟೇಲ, ಆಮೇಲೆ ಊರಿನವರು, ತೀರಾ ಕೊನೆಯ ಎಲೆಗೆ ಚಿಕ್ಕೀರಿ. ದ್ಯಾವಕ್ಕ ರಾಜನ ಎಲೆಗೆ ಮುದ್ದೆ ಇಟ್ಟಳು, ಅವರೆಕಾಳು ಸಾರು ಬಿಟ್ಟಳು, ಒಬ್ಬಟ್ಟಿನ ಮೇಲೆ ತುಪ್ಪ ಸುರಿದಳು. ಸೌಟನ್ನು ಕೆಳಗಿಟ್ಟು ಕೈ ಮುಗಿದು, ಎಲ್ಲರಿಗೂ ಬಡಿಸಿದ್ದಾಯ್ತು, ಸಾವಕಾಶವಾಗಿ ಊಟ ಮಾಡಿ ಅಂದಳು.

ಕೊನೆಯ ಎಲೆಗೆ ಬಡಿಸೋವರೆಗೂ ಮೊದಲ ಎಲೆಯವನು ತುತ್ತು ಎತ್ತೋ ಹಾಗಿಲ್ಲ. ಪಂಕ್ತಿಯ ಪದ್ಧತಿ ಅದು, ರಾಜನಾದರೂ ಅಷ್ಟೇ. ಚೆಲುವರಾಯ ಕೈ ಹಿಂದಕ್ಕೆ ತೆಗೆದುಕೊಂಡು ಸಾಲನ್ನು ನೋಡಿದ. ಊರಿನವರು ಖಾಲಿ ಎಲೆ ಮುಂದೆ ಕೈ ಕಟ್ಟಿ ಕೂತರು. ಪುಟ್ಟಸಾಮಯ್ಯನಿಗೆ ಮಾತ್ರ ತಡೆಯಲಾಗಲಿಲ್ಲ. ಒಬ್ಬಟ್ಟಿನ ಆಸೆಗೆ ಅವನು ಬೆಳಗಿನ ಉಪ್ಪಿಟ್ಟನ್ನೂ ಬಿಟ್ಟು ಬಂದಿದ್ದ.

"ಏನಮ್ಮ, ನನ್ನ ಎಲೆ ಖಾಲಿ ಐತೆ" ಅಂದ.

"ನಿಮ್ಮ ಎಲೆ ಪಂಕ್ತಿ ಒಳಗೇ ಐತಲ್ಲ ಬುದ್ಧಿ. ಪಂಕ್ತಿಗೆ ಊಟ ಬಂದೈತೆ."

"ಬಂದಿರೋದು ಒಂದು ಎಲೆಗೆ. ಒಂದು ಎಲೆಗೆ ಬಡಿಸಿದ್ರೆ ಮಿಕ್ಕೋರ ಹೊಟ್ಟೆ ತುಂಬ್ತದಾ? ಅಕ್ಕಿ ಎತ್ತುವಾಗ ಎಲ್ಲರ ಮನೆಯಿಂದಲೂ ಎತ್ತಿಲ್ವಾ? ಇದ್ಯಾವ ನ್ಯಾಯ?"

ದ್ಯಾವಕ್ಕ ರಾಜನ ಕಡೆ ತಿರುಗಿದಳು. "ಕೇಳಿಸಿಕೊಂಡ್ರಾ ಸಾಮಿ? ಮೂರು ಸಲ ನಡ್ಕೊಂಡು ಬಂದು ನಾನು ಹೇಳಿದ್ದೂ ಇದೇನೇ. ರಾಗಿ ಕೊಟ್ಟಿದ್ದು ಮನೆ ಮನೆಯೋರು. ನೆಟ್ ಬಂದಿದ್ದು ಪಟೇಲರ ಮನೆ ಒಂದಕ್ಕೆ."

ಪುಟ್ಟಸಾಮಯ್ಯನ ಮುಖ ಬಾಡಿಹೋಯಿತು. ಆಡಿದ ಮಾತು ಅವನದೇ, ನುಂಗೋಕೂ ಆಗದು, ಉಗುಳೋಕೂ ಆಗದು. ಯಾರ ಯಾರ ಮನೆಗೆ ನೆಟ್ ಬಂದಿದೆ, ಕೈ ಎತ್ತಿ ಅಂದ ರಾಜ. ಪಟೇಲನದೊಂದೇ ಕೈ ಮೇಲೆದ್ದಿತು, ಅದೂ ಅರ್ಧಕ್ಕೆ.

ದೂರು ಹೊತ್ತು ಬಂದವಳಿಗೆ ಸಕ್ಕರೆ ಕಳಿಸಿದೆನಲ್ಲ ಅಂತ ರಾಜನಿಗೆ ನಾಚಿಕೆಯಾಯಿತು. ಎದ್ದು, ಸೌಟು ತೆಗೆದುಕೊಂಡು, ಪಂಕ್ತಿಗೆಲ್ಲ ತಾನೇ ಬಡಿಸುತ್ತಾ ಹೋದ. ಕೊನೆಯ ಎಲೆಯ ಹತ್ತಿರ ಬಗ್ಗಿ, ನಿನಗೇನು ಬಡಿಸಲಮ್ಮ ಅಂತ ಕೇಳಿದ.

ಚಿಕ್ಕೀರಿ ತಲೆ ಎತ್ತದೆ ಹೇಳಿದಳು. "ನಂಗೆ ಒಬ್ಬಟ್ಟು ಬ್ಯಾಡ ಸಾಮಿ. ನೋವು ಬಂದಾಗ ಪಂಡಿತರು ಮಾತಾಡಿದ್ರೆ ಸಾಕು."

ಅವತ್ತೇ ಕಟ್ಟಳೆ ಬದಲಾಯಿತು. ಇನ್ನು ಮೇಲೆ ಊರ ಲೆಕ್ಕ ಇಲ್ಲ, ಮನೆ ಲೆಕ್ಕ. ನೆಟ್ ಬಂತು ಅಂತ ಮನೆಯ ಹೆಂಗಸು ತನ್ನ ಬಾಯಲ್ಲಿ ಹೇಳಬೇಕು, ಅಲ್ಲಿವರೆಗೂ ಬಂದಿಲ್ಲ ಅಂತಲೇ ಅರ್ಥ. ಪುಟ್ಟಸಾಮಯ್ಯನ ಕಣಜ ತೆಗೆಸಿ, ಆ ರಾಗಿಯಿಂದಲೇ ಕೇಬಲ್ ತರಿಸಿದರು. ಅದನ್ನು ಹೆಗಲ ಮೇಲೆ ಹೊತ್ತು ಮನೆ ಮನೆಗೂ ಎಳೆಯೋ ಕೆಲಸ ಅವನಿಗೇ ಬಿತ್ತು. ಅರಮನೆ ಪಕ್ಕದ ಅವನ ಮನೆಯ ನೆಟ್ಟನ್ನೂ ರಾಜ ಕೀಳಿಸಿದ. ರಾಜಧಾನಿಗೆ ನೆಟ್ ಬಂದಿದೆಯಲ್ಲ, ನಿನಗೂ ಬಂದ ಹಾಗೇ ಅಂದ.

ಮೊದಲ ಕೇಬಲ್ ಹೋಗಿದ್ದು ಚಿಕ್ಕೀರಿ ಮನೆಗೆ. ವಾರ ಕಳೆಯೋದರೊಳಗೆ ಅವಳಿಗೆ ನೋವು ಬಂತು. ಈ ಸಲವೂ ಹೆರಿಗೆ ಕಷ್ಟದ್ದೇ. ಆದರೆ ಬೆಟ್ಟದಾಚೆಯಿಂದ ಪಂಡಿತರು ಹೆದರಬೇಡ ತಾಯಿ ಅಂತ ಅಂದು, ಎಡಕ್ಕೆ ಮಲಗಿಸಿ, ಹೀಗೆ ಹಿಡಿಯಿರಿ ಅಂತ ಒಂದೊಂದಾಗಿ ಹೇಳುತ್ತಾ ಹೋದರು. ದ್ಯಾವಕ್ಕ ಹಾಗೇ ಮಾಡುತ್ತಾ ಹೋದಳು. ಹೆಣ್ಣು ಕೂಸು. ಅದು ಅತ್ತ ಸದ್ದು ಬೆಟ್ಟದಾಚೆಗೂ ಕೇಳಿಸಿತು, ಪಂಡಿತರೂ ಕಣ್ಣು ಒರೆಸಿಕೊಂಡರು. ಬಾಗಿಲಾಚೆ ಕೇಬಲ್ ಸುತ್ತಿಕೊಂಡು ನಿಂತಿದ್ದ ಪುಟ್ಟಸಾಮಯ್ಯನಿಗೆ ದ್ಯಾವಕ್ಕ "ಬಂತು ಬುದ್ಧಿ" ಅಂತ ಹೇಳಿ, ಅವನ ಬಾಯಿಗೂ ಒಂದು ಚೂರು ಬೆಲ್ಲ ಹಾಕಿದಳು.

ಮಕ್ಕಳೇ, ನೀತಿ ಇಷ್ಟೇ. ಎಲ್ಲರ ಮನೆಯಿಂದ ಎತ್ತಿದ್ದು ಎಲ್ಲರ ಮನೆಗೂ ಮುಟ್ಟಬೇಕು. ಮುಟ್ಟಿತೋ ಇಲ್ಲವೋ ಅಂತ ಹಂಚಿದವನನ್ನು ಕೇಳಬೇಡಿ, ಕೊನೆಯಲ್ಲಿ ಕೂತವರನ್ನು ಕೇಳಿ.