ಶುಕ್ರವಾರದ ಕೆಂಡ

ಕಪಿಲಾ ಹೊಳೆ ದಂಡೇಲಿ ಒಂದು ಸಣ್ಣ ಮಠ. ಅಲ್ಲಿದ್ದ ಹಿರಿಯರನ್ನ ಊರೋರೆಲ್ಲ ಕಂಬಳಿ ಬುದ್ಧಿ ಅಂತಿದ್ರು. ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಎರಡೇ ಹಲ್ಲು, ಮಾತು ಅದಕ್ಕಿಂತ ಕಮ್ಮಿ.

ಗುರುಮಲ್ಲ ಅನ್ನೋನು ಅವರ ಹತ್ರ ಶಿಷ್ಯನಾಗಿ ಸೇರಿ ಒಂಬತ್ತು ದಿನ ಆಗಿತ್ತು. ಮೂವತ್ತು ದಾಟಿದ ಗಂಡಸು. ಮನೆ, ಎತ್ತು, ಗದ್ದೆ ಎಲ್ಲಾ ತಮ್ಮನಿಗೆ ಬಿಟ್ಟು, "ಇನ್ನು ಈ ಹೊಸ್ತಿಲು ತುಳಿಯಲ್ಲ" ಅಂತ ಊರೋರ ಮುಂದೆ ಎದೆ ಉಬ್ಬಿಸಿ ಹೇಳಿ ಬಂದಿದ್ದ. ಹಂಗೆ ಹೇಳಿದ ಮೇಲೆ ವಾಪಸ್ ಹೋಗೋಕೆ ಮುಖ ಎಲ್ಲಿಂದ ತರ್ತಾನೆ?

ಅವನಿಗೊಂದು ಕಾಯಿಲೆ. ಯಾವ ಮಾತು ಕಿವಿಗೆ ಬಿದ್ರೂ ಅದರ ಬುಡ ಕೆದಕಬೇಕು.

ಗುರುವಾರ ಸಂಜೆ ಕೇಳಿದ, "ಬುದ್ಧಿ, ಒಳಗೆ ಬೆಂಕಿ ಹೊತ್ತಿಸಬೇಕು ಅಂದ್ರಿ. ಹೊತ್ತಿಸೋದು ಅಂದ್ರೆ ಏನು? ಆ ಮಾತು ಎಲ್ಲಿಂದ ಬಂತು?"

"ನಾಳೆ ಒಲೆ ಕೆಲಸ ನಿಂದು," ಅಂದ್ರು ಬುದ್ಧಿ. ಕಂಬಳಿ ಎಳ್ಕೊಂಡು ಮಲಗಿಬಿಟ್ರು.

ಶುಕ್ರವಾರ ಗುರುಮಲ್ಲ ಎಲ್ಲರಿಗಿಂತ ಮುಂಚೆ ಎದ್ದ. ನೋಡ್ತಾನೆ, ಒಲೆ ತುಂಬಾ ಬೂದಿ.

"ಹೆಸರಿಗೆ ಮಠ, ಒಲೆ ನೋಡಿದ್ರೆ ತಿಪ್ಪೆ," ಅಂದ್ಕೊಂಡು ನೀರು ಹುಯ್ದ. ಬೂದಿ ಬಾಚಿ ಹೊರಗೆ ಹಾಕ್ದ. ಸಾರಿಸಿ ರಂಗೋಲಿನೂ ಎಳೆದ. ಆಮೇಲೆ ಸೊಂಟಕ್ಕೆ ಕೈ ಇಟ್ಕೊಂಡು ನಿಂತು ನೋಡಿದ್ದೇ ನೋಡಿದ್ದು.

ಹಿರೇ ಶಿಷ್ಯ ರೇವಣ್ಣ ಹಾಲು ಕಾಯಿಸೋಕೆ ಬಂದ. ಬಂದೋನು ಹಣೆ ಚಚ್ಕೊಂಡ.

"ಅಯ್ಯೋ ಪಾಪಿ! ಬೂದಿ ಎಲ್ಲೋ?"

"ತಿಪ್ಪೇಲಿ, ಅಣ್ಣ."

"ಅದರಡೀಲಿ ಕೆಂಡ ಇತ್ತಲ್ಲೋ! ಬುದ್ಧಿಯೋರ ಗುರುಗಳ ಕಾಲದಿಂದ ಆರದೇ ಇದ್ದ ಕೆಂಡ!"

"ಕಾಣಲಿಲ್ಲ, ಅಣ್ಣ."

"ನಿನಗೆ ಕಾಣೋ ಹಂಗೆ ಇಟ್ರೆ ಅದು ಬೆಳಗಾಗೋವರೆಗೆ ಉಳೀತದಾ? ನೀರು ಹುಯ್ದಾಗ ಬುಸ್ ಅನ್ನಲಿಲ್ವಾ?"

"ಅಂತು. ಹಾವಿರಬೇಕು ಅಂತ ಇನ್ನೆರಡು ಬಿಂದಿಗೆ ಹುಯ್ದೆ." ಗುರುಮಲ್ಲನ ದನಿ ಸಣ್ಣಗಾಯ್ತು. "ಬೆಂಕಿಪೊಟ್ಟಣ ತರ್ಲಾ?"

"ನಿನ್ನ ಗಂಟು ತಗೊಂಡು ಬಾ. ಹೊರಡು ಊರಿಗೆ!"

ಗಲಾಟೆ ಕೇಳಿ ಬುದ್ಧಿ ಬಂದ್ರು. ಒದ್ದೆ ಒಲೆ ಮುಟ್ಟಿ ನೋಡಿದ್ರು. ಮೂಲೆಯಿಂದ ಒಂದು ಒಣ ಬೆರಣಿ ತೆಗೆದು ಗುರುಮಲ್ಲನ ಕೈಗಿಟ್ರು.

"ದೇವೀರಮ್ಮನ ಮನೇಲಿ ಒಲೆ ಉರೀತಿರ್ತದೆ. ಹೊತ್ತಿಸ್ಕೊಂಡು ಬಾ."

"ತರದಿದ್ರೆ ಹಂಗೇ ಊರ ದಾರಿ ಹಿಡಿ," ಅಂದ ರೇವಣ್ಣ.

ಬುದ್ಧಿ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಗುರುಮಲ್ಲನಿಗೆ ಅದೇ ಭಾರ ಆಯ್ತು.

ದೇವೀರಮ್ಮನ ಮನೆ ಮಠದ ಹಿಂದೇನೇ. ಆಯಮ್ಮ ಬಾಗಿಲಲ್ಲೇ ನಿಂತಿದ್ಲು.

"ಏನಪ್ಪ ಹೊಸ ಸನ್ಯಾಸಿ, ಒಲೆಗೆ ಸ್ನಾನ ಮಾಡಿಸಿದ್ಯಂತೆ?"

"ನಿಮಗೆ ಆಗಲೇ ಗೊತ್ತಾಯ್ತಾ, ಅವ್ವ?"

"ರೇವಣ್ಣನ ಗಂಟಲು ಹೊಳೆ ಆಚೆಗೂ ಕೇಳ್ತದೆ."

"ಚೂರು ಬೆಂಕಿ ಕೊಡಿ, ಅವ್ವ."

"ಶುಕ್ರವಾರ ಯಾರಾದ್ರೂ ಮನೆ ಬೆಂಕಿ ಹೊರಕ್ಕೆ ಕೊಡ್ತಾರಾ? ಲಕ್ಷ್ಮಿ ಎದ್ದು ಹೋಗ್ತಾಳೆ. ಕೇಳೋಕಾದ್ರೂ ನಾಚಿಕೆ ಬೇಡ್ವಾ?"

ಗುರುಮಲ್ಲ ಜಗಲಿ ಮೇಲೆ ಕುಸಿದು ಕೂತ. ಬೆರಣಿ ತೊಡೆ ಮೇಲೆ. "ಹಂಗಾದ್ರೆ ಇಲ್ಲಿಂದ ಹೊರಡಬೇಕು, ಅವ್ವ. ಹೊರಟು ಹೋಗೋಕೆ ಊರೂ ಇಲ್ಲ." ಕಣ್ಣಲ್ಲಿ ನೀರು ಬಂದೇಬಿಡ್ತು.

ದೇವೀರಮ್ಮ ನೋಡಿದ್ಲು. ನೋಡದ ಹಂಗೆ ಆ ಕಡೆ ತಿರುಗಿದ್ಲು. ಮತ್ತೆ ನೋಡಿದ್ಲು.

"ಥೂ, ಇಷ್ಟು ದೊಡ್ಡ ಮೀಸೆ ಇಟ್ಕೊಂಡು ಅಳ್ತಾನೆ. ಒಳಗೆ ಬಾ. ಬೆರಣಿ ನನ್ನ ಒಲೆ ಬಾಯಿಗೆ ತಾಕೋ ಹಂಗೆ ಇಟ್ಟು ಸುಮ್ಮನೆ ಕೂತ್ಕೋ. ನಾನು ಕೊಡಲ್ಲ, ನೀನು ಕೇಳಬೇಡ. ಅದು ಒಣಗಿದ್ರೆ ಅದೇ ಹೊತ್ಕೊಳ್ತದೆ."

ಕೂತ. ಎರಡು ಉಸಿರು ತಡೀಲಿಲ್ಲ, ಬೆರಣಿನ ಒಳಕ್ಕೆ ತಳ್ಳೋಕೆ ಹೋದ. ದೇವೀರಮ್ಮನ ರೊಟ್ಟಿ ಮಗುಚೋ ಸಟ್ಟುಗ ಅವನ ಕೈ ಮೇಲೆ ಬಿತ್ತು.

"ತಳ್ಳಬೇಡ."

ಊದೋಕೆ ಬಗ್ಗಿದ.

"ಊದಬೇಡ. ನನ್ನ ಮನೆಯೆಲ್ಲ ಹೊಗೆ ಮಾಡ್ತೀಯ."

ಒಂದು ರೊಟ್ಟಿ ಬೆಂತು. ಎರಡು ಬೆಂತು. ಗುರುಮಲ್ಲನಿಗೆ ಕೈ ಎಲ್ಲಿ ಇಟ್ಕೋಬೇಕು ಅಂತಾನೇ ತಿಳೀಲಿಲ್ಲ. ಮೂರನೇದು ಹೆಂಚಿನ ಮೇಲಿರುವಾಗ ಬೆರಣಿ ಅಂಚಲ್ಲಿ ಕುಂಕುಮ ಇಟ್ಟಂಗೆ ಒಂದು ಕೆಂಪು ಮೂಡ್ತು.

ಅವನು ಬೆರಣಿ ಎತ್ಕೊಂಡು ಓಡೋಕೆ ನಿಂತ.

"ಹಂಗೇ ಗಾಳೀಲಿ ಓಡಿದ್ರೆ ದಾರೀಲೇ ಉರಿದು ಹೋಗ್ತದೆ, ಪೆದ್ದ." ಒಂದು ಒಡಕು ಮಡಕೇಲಿ ಬೆರಣಿ ಇಡಿಸಿ, ಮೇಲೆ ಎರಡು ಬೊಗಸೆ ಬೂದಿ ಸುರಿದ್ಲು. "ಇದನ್ನೇ ಅಲ್ವಾ ನೀನು ತಿಪ್ಪೆಗೆ ಹಾಕಿದ್ದು?"

ಗುರುಮಲ್ಲ ತಲೆ ತಗ್ಗಿಸಿದ. "ನಿಮ್ಮ ಉಪಕಾರ, ಅವ್ವ..."

"ನಂದೇನು ಉಪಕಾರ? ನಮ್ಮತ್ತೆ ಸೊಸೆಯಾಗಿ ಬಂದ ದಿನ ಈ ಒಲೆಗೆ ಬೆಂಕಿ ತಂದಿದ್ದು ನಿಮ್ಮ ಮಠದಿಂದ್ಲೇ. ತನ್ನ ಮನೆಗೇ ವಾಪಸ್ ಹೋಗ್ತದೆ ಅದು, ಹೋಗ್ಲಿ. ನಡಿ ನಡಿ, ನನ್ನ ರೊಟ್ಟಿ ಸೀದೋಯ್ತು."

ಮಠದಲ್ಲಿ ರೇವಣ್ಣ ಒಲೆ ಒರೆಸಿ ಒಣ ಹುಲ್ಲು ಇಟ್ಟಿದ್ದ. ಮುಖ ಮಾತ್ರ ಆ ಕಡೆ. ಗುರುಮಲ್ಲ ಮಡಕೆ ಬೂದಿ ಸರಿಸಿ, ಕೆಂಡನ ಒಲೆಗಿಟ್ಟು ಮೇಲೆ ಹುಲ್ಲಿಟ್ಟ. ಈ ಸಲ ತಳ್ಳಲಿಲ್ಲ. ಕಾದ. ಹುಲ್ಲು ಭಗ್ ಅಂತು.

ರೇವಣ್ಣ ಹಾಲಿನ ಪಾತ್ರೆ ತಂದು ಒಲೆ ಮೇಲಿಟ್ಟ. ಗಂಟಿನ ಮಾತು ಆಡಲಿಲ್ಲ.

"ಬುದ್ಧಿ, ಇದು ನಮ್ಮ ಬೆಂಕೀನೇ ಅಂತೆ!" ಅಂದ ಗುರುಮಲ್ಲ. "ದೇವೀರಮ್ಮನ ಅತ್ತೆ ಇಲ್ಲಿಂದ್ಲೇ ತಗೊಂಡು ಹೋಗಿದ್ರಂತೆ."

"ಹೂಂ."

"ನಾನು ನೀರು ಹುಯ್ದು ಸಾಯಿಸಿದ್ನಲ್ಲ, ಅದು ಎಲ್ಲಿಂದ ಬಂದಿತ್ತು, ಬುದ್ಧಿ?"

ಬುದ್ಧಿ ಒಲೆ ಮುಂದೆ ಕೂತು ಕೈ ಕಾಯಿಸ್ಕೊಂಡ್ರು. ಎರಡು ಹಲ್ಲೂ ಕಾಣೋ ಹಂಗೆ ನಕ್ಕರು.

"ಅದೇ ಅತ್ತೆ ಒಲೆಯಿಂದ. ಮಠಕ್ಕೆ ಬಂದ ಹೊಸದ್ರಲ್ಲಿ ನಾನೂ ಒಂದು ದಿನ ಒಲೆ ತೊಳೆದಿದ್ದೆ ಕಣಪ್ಪ."